ತಮ್ಮನ ಹೆಸರಿನಲ್ಲಿ ಊದಿದ ಉಸಿರು

ನನ್ನ ಉಸಿರಿನ ಬಗ್ಗೆ ನೀವು ಯಾರನ್ನು ಬೇಕಾದರೂ ಕೇಳಿ. ಕಾರ್ಖಾನೆಯ ಗೇಟಿನಲ್ಲಿ ಕೇಳಿ, ಎದುರಿನ ಚಹಾ ಅಂಗಡಿಯಲ್ಲಿ ಕೇಳಿ, ನಾನು ಹೇಳಿಕೊಟ್ಟ ಹಾಗೆಯೇ ಹೇಳುತ್ತಾರೆ. ಮದುವೆಯಾದ ವರ್ಷ ಲಾರಿಯ ಟ್ಯೂಬೊಂದನ್ನು ಬಾಯಿಯಿಂದಲೇ ಊದಿ ತುಂಬಿಸಿದವನು ನಾನು. ಅದು ಲಾರಿಯದಲ್ಲ, ಸೈಕಲ್ಲಿನದು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳು ಏನನ್ನಾದರೂ ಸಣ್ಣದು ಮಾಡಿ ಹೇಳುವ ಮನೆತನದವಳು. ಕಾರ್ಖಾನೆಯಲ್ಲಿ ನನಗೆ ‘ತಿದಿ’ ಎಂದು ಹೆಸರು. ಕಮ್ಮಾರನ ತಿದಿಯನ್ನಾದರೆ ಒತ್ತಬೇಕು, ನನ್ನನ್ನು ಒತ್ತುವ ಕಷ್ಟವೂ ಇಲ್ಲ.

ಈ ಉಸಿರಿನಿಂದಲೇ ನಾನು ನನ್ನ ತಮ್ಮನ ಮನೆ ಮುರಿಯಲು ಹೋಗಿದ್ದೆ. ಹೇಳಲು ಹೊರಟಿರುವುದು ಅದನ್ನೇ. ಅಲ್ಲಲ್ಲಿ ಸ್ವಲ್ಪ ಹೆಚ್ಚಾದರೆ ಸಹಿಸಿಕೊಳ್ಳಿ, ಕಡಿಮೆ ಮಾಡಿ ಹೇಳುವುದು ನನಗೆ ಬರುವುದಿಲ್ಲ.

ಕಾರ್ಖಾನೆಯ ಹಿಂಗೋಡೆಗೆ ಎದುರಾದ ಬೀದಿಯಲ್ಲಿ, ಮೂರನೆಯ ಮಹಡಿಯಲ್ಲಿ ನಮ್ಮ ಮನೆ. ನಾನು ಹೇಳುವಾಗ ಮೆಟ್ಟಿಲು ನೂರು, ಎಣಿಸಿದರೆ ಐವತ್ತೆರಡು. ಮೂರು ಕೋಣೆ, ಒಂದು ಅಡುಗೆಮನೆ, ಆರು ಜನ: ಅಮ್ಮ, ನಾನು, ನನ್ನ ಹೆಂಡತಿ, ಹದಿನಾಲ್ಕು ವರ್ಷದ ಮಗಳು, ತಮ್ಮ, ತಮ್ಮನ ಹೆಂಡತಿ. ಅವಳನ್ನು ಮನೆಯಲ್ಲಿ ಎಲ್ಲರೂ ‘ಚಿಕ್ಕವಳು’ ಎನ್ನುತ್ತಾರೆ. ಮುಂದಿನ ಕೋಣೆ ಚಿಕ್ಕವಳದು. ಅಲ್ಲಿ ಅವಳು ದಿಂಬು, ಹಾಸಿಗೆ, ಹತ್ತಿ ತುಂಬಿದ ಹೊದಿಕೆ ಹೊಲಿಯುತ್ತಿದ್ದಳು. ಬೀದಿಯ ಅರ್ಧ ಜನ ತಲೆಯಿಡುತ್ತಿದ್ದದ್ದು ಅವಳ ಹೊಲಿಗೆಯ ಮೇಲೆ. ಹತ್ತಿ ಹಿಂಜುವಾಗ ಎರಡೂ ಕಿಟಕಿ ತೆರೆದು, ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. ಆ ವೇಷ ನೋಡಿ ನಾವು ಅಣ್ಣ ತಮ್ಮ ನಗುತ್ತಿದ್ದೆವು. ಇಡೀ ಮನೆಯಲ್ಲಿ ಮೂಗು ಮುಚ್ಚಿಕೊಳ್ಳುವ ಬುದ್ಧಿ ಇದ್ದದ್ದು ಅವಳೊಬ್ಬಳಿಗೇ ಎಂದು ಈಗ ಗೊತ್ತಾಗುತ್ತದೆ.

ನಾನು, ತಮ್ಮ ಇಬ್ಬರೂ ವೆಲ್ಡರುಗಳು. ನಮ್ಮಲ್ಲಿ ಎಣ್ಣೆ ತುಂಬುವ ದೊಡ್ಡ ಟ್ಯಾಂಕುಗಳನ್ನು ಮಾಡುತ್ತಾರೆ. ಒಳಗಡೆ ಬೆಸುಗೆ ಹಾಕಲು ಒಬ್ಬ ಮನುಷ್ಯ ನುಸುಳುವಷ್ಟು ತೂತಿನಿಂದ ಇಳಿಯಬೇಕು. ಒಳಗೆ ಹೊಗೆ ಎಷ್ಟಿರುತ್ತದೆಂದರೆ, ಕೈ ಚಾಚಿದರೆ ಅದು ಯಾರ ಕೈ ಎಂದು ವಿಚಾರಿಸಬೇಕು. ಹೊಗೆ ಹೊರಗೆಳೆಯಲು ಒಂದು ದಪ್ಪ ರಬ್ಬರ್ ಕೊಳವೆ ಇದೆ, ನಾವು ಅದಕ್ಕೆ ಸೊಂಡಿಲು ಎನ್ನುತ್ತೇವೆ. ಅದನ್ನು ಒಳಗೆ ಎಳೆದು ತಂದು, ಬೆಸುಗೆ ಸರಿದ ಹಾಗೆಲ್ಲ ಸರಿಸುತ್ತಿರಬೇಕು. ಅಷ್ಟು ಹೊತ್ತಿನಲ್ಲಿ ನಾನು ಎರಡು ಗಜ ಮುಗಿಸಿರುತ್ತಿದ್ದೆ. “ಸೊಂಡಿಲು ಆನೆಗೆ. ಗಂಡಸಿಗೆ ಮೂಗಿದೆ,” ಎಂದು ಹೊಸಬರಿಗೆಲ್ಲ ಹೇಳುತ್ತಿದ್ದೆ. ಆ ಹೊಸಬರಲ್ಲಿ ನನ್ನ ತಮ್ಮನೂ ಒಬ್ಬ.

ರಜೆ ಮುಗಿಸಿ ಬಂದ ಮೊದಲ ದಿನ ಅವನಿಗೆ ಚಳಿಜ್ವರ ಬರುತ್ತಿತ್ತು, ಬಾಯಲ್ಲಿ ತಗಡಿನ ಸಿಹಿ. “ಇದು ಸೋಮವಾರದ ಜ್ವರ ಕಣೋ, ಬುಧವಾರಕ್ಕೆ ಮೈ ಒಗ್ಗುತ್ತೆ. ಒಂದು ಲೋಟ ಹಾಲು ಕುಡಿ, ಹೊಗೆಯೆಲ್ಲ ಕರಗಿಹೋಗುತ್ತೆ,” ಎನ್ನುತ್ತಿದ್ದೆ. ಅವನು ಕುಡಿಯುತ್ತಿದ್ದ. ನಾನು ಹೇಳಿದ್ದನ್ನು ಅವನು ಎಂದೂ ಮೀರಿದವನಲ್ಲ. ಹೊಗೆಗೂ ಹಾಲಿಗೂ ಹೋಗುವ ದಾರಿ ಬೇರೆ ಬೇರೆ ಎಂದು ನನ್ನ ಮಗಳು ಐದನೇ ತರಗತಿಯಲ್ಲೇ ಹೇಳಿದ್ದಳು. ನಾನು ಅವಳ ಪುಸ್ತಕ ತಪ್ಪು ಅಂದಿದ್ದೆ.

ವರ್ಷಕ್ಕೊಮ್ಮೆ ಕಾರ್ಖಾನೆಗೆ ಪರೀಕ್ಷೆಯ ಬಂಡಿ ಬರುತ್ತದೆ. ಅದರಲ್ಲಿ ಒಬ್ಬ ನರ್ಸಮ್ಮ, ಒಂದು ಎತ್ತರ ಅಳೆಯುವ ಕೋಲು, ಒಂದು ಊದುವ ಕೊಳವೆ. ಎದೆಯ ಬಿಲ್ಲೆಯ ನಂಬರು ನೋಡಿ ಬರೆದುಕೊಂಡು ಊದಲು ಹೇಳುತ್ತಾರೆ. ಯಾರ ಉಸಿರು ಕಡಿಮೆಯಾಗಿದೆಯೋ ಅವರನ್ನು ಟ್ಯಾಂಕಿನಿಂದ ತೆಗೆದು ಅಂಗಳಕ್ಕೆ ಹಾಕುತ್ತಾರೆ. ಅಂಗಳವೆಂದರೆ ಕಬ್ಬಿಣದ ಚೂರು ಗುಡಿಸುವುದು, ತಗಡು ಎಣಿಸುವುದು. ಟ್ಯಾಂಕಿನವರು ಅಂಗಳದವರನ್ನು ಕರೆಯುವ ಹೆಸರನ್ನು ಇಲ್ಲಿ ಬರೆಯಲಾರೆ. ಅದನ್ನು ಇಟ್ಟವನು ನಾನೇ.

ಮೂರು ವರ್ಷದ ಹಿಂದೆ ಬಂಡಿ ಬಂದ ದಿನ ತಮ್ಮ ಕೈತೊಳೆಯುವ ಕೋಣೆಯಲ್ಲಿ ಗೋಡೆ ಹಿಡಿದು ಕೆಮ್ಮುತ್ತಿದ್ದ.

“ಅಣ್ಣ, ಇವತ್ತು ಊದೋಕಾಗಲ್ಲ. ಹೋಗಿ ಹೇಳಿಬಿಡ್ತೀನಿ.”

“ಏನಂತ ಹೇಳ್ತೀಯ?”

“ಕೆಮ್ಮಿದೆ ಅಂತ.”

“ಆಮೇಲೆ ಪೊರಕೆ ಹಿಡ್ಕೊಂಡು ಅಂಗಳ ಗುಡಿಸ್ತೀಯಾ? ನನ್ನ ತಮ್ಮ? ಬಿಲ್ಲೆ ಕೊಡು ಇಲ್ಲಿ.”

“ಬೇಡ ಅಣ್ಣ. ಗೊತ್ತಾದ್ರೆ ಇಬ್ಬರನ್ನೂ ಮನೆಗೆ ಕಳಿಸ್ತಾರೆ.”

“ಟೊಪ್ಪಿ ಹಾಕ್ಕೊಂಡ್ರೆ ನಾವೆಲ್ಲ ಒಂದೇ ಮೂತಿ. ನನ್ನ ಹತ್ತಿರ ಇಬ್ಬರಿಗಾಗುವಷ್ಟು ಉಸಿರಿದೆ, ನಾಲ್ವರಿಗೆ ಬೇಕಾದ್ರೂ ಸಾಲ ಕೊಡ್ತೀನಿ. ಕೊಡು ಅಂದ್ನಲ್ಲ.”

ಕೊಟ್ಟ. ಬೆಳಗಿನ ಸಾಲಿನಲ್ಲಿ ಅವನ ಬಿಲ್ಲೆ ತೊಟ್ಟು ಊದಿದೆ: ನಾಲ್ಕು ಪಾಯಿಂಟ್ ಆರು ಲೀಟರು. ನರ್ಸಮ್ಮ ತಲೆಯೆತ್ತಿ ನೋಡಿದರು. ಮಧ್ಯಾಹ್ನ ನನ್ನ ಬಿಲ್ಲೆ ತೊಟ್ಟು ಮತ್ತೆ ಊದಿದೆ. ಮೊದಲಿನ ಹುರುಪು ಇರಲಿಲ್ಲ, ನಾಲ್ಕೇ ಬಂತು. ಕಾಗದದ ಮೇಲೆ ತಮ್ಮನೇ ನನಗಿಂತ ದೊಡ್ಡ ತಿದಿಯಾದ. ಆ ತಮಾಷೆಯನ್ನು ಯಾರಿಗೂ ಹೇಳಲಾಗದೆ ನನ್ನ ಹೊಟ್ಟೆ ಉಬ್ಬಿಹೋಗಿತ್ತು.

ಮರುವರ್ಷ ಅವನು ಬೇಡವೆಂದ. ನಾನು ಬಿಲ್ಲೆ ಕಿತ್ತುಕೊಂಡೆ. ಮೂರನೆಯ ವರ್ಷ ಅವನೇ ತೆಗೆದು ಕೊಟ್ಟ.

ಈ ವರ್ಷ ಬಂಡಿ ಬರುವ ಹೊತ್ತಿಗೆ ಸರಿಯಾಗಿ ನನ್ನ ದವಡೆ ಹಲ್ಲು ಕೈಕೊಟ್ಟಿತು. ಕಿತ್ತ ವೈದ್ಯ ಎರಡೂ ಕಾಲು ನನ್ನ ಎದೆಯ ಮೇಲಿಟ್ಟು ಎಳೆದ ಎಂದು ನಾನು ಹೇಳುತ್ತೇನೆ. ಕೆನ್ನೆ ಕುಂಬಳಕಾಯಿಯಾಗಿ ಮೂರು ದಿನ ಮಲಗಿದೆ. ಆ ಮೂರರಲ್ಲಿ ಒಂದು ದಿನ ತಮ್ಮ ತನ್ನ ಬಿಲ್ಲೆ ತೊಟ್ಟು ತಾನೇ ಊದಿದ.

ಎರಡು ಪಾಯಿಂಟ್ ಒಂದು.

ಸಂಜೆ ಅವನು ಮೆಟ್ಟಿಲು ಹತ್ತಿ ಬಂದದ್ದು ನಮಗೆಲ್ಲ ಕೇಳಿಸಿತು. ಒಂದು ಮಹಡಿಗೊಮ್ಮೆ ನಿಲ್ಲುತ್ತಿದ್ದ. ಅಡುಗೆಮನೆಯಲ್ಲಿ ಅಮ್ಮ ಈರುಳ್ಳಿ ಹೆಚ್ಚುತ್ತಿದ್ದಳು, ನನ್ನ ಹೆಂಡತಿ ಬೇಳೆಗೆ ಉಪ್ಪು ಹಾಕುತ್ತಿದ್ದಳು.

“ಏನಂದ್ರು?” ಎಂದಳು ಚಿಕ್ಕವಳು.

ತಮ್ಮ ನೀರು ಕುಡಿದು ಕೂತ. “ಹೋದ ವರ್ಷ ಕುದುರೆ ಥರ ಊದಿದ್ದೀರಿ, ಈ ವರ್ಷ ಕೋಳಿ ಥರ ಊದ್ತೀರಿ ಅಂದ್ರು ಡಾಕ್ಟರು. ಟ್ಯಾಂಕಿನ ಹೊಗೆ ಆಗಿದ್ರೆ ವರ್ಷ ವರ್ಷ ಸ್ವಲ್ಪ ಸ್ವಲ್ಪ ಇಳೀಬೇಕಿತ್ತಂತೆ. ಹಿಂಗೆ ಒಂದೇ ಸಲ ಬೀಳಲ್ವಂತೆ. ಹೊಸದಾಗಿ ಏನಾದ್ರೂ ಸೇರಿರಬೇಕು, ಮನೇಲಿ ಏನು ಕೆಲಸ ನಡೆಯುತ್ತೆ ಅಂತ ಕೇಳಿದ್ರು.”

“ನೀವೇನಂದ್ರಿ?”

“ಹೆಂಡತಿ ಹಾಸಿಗೆ ಹೊಲೀತಾಳೆ ಅಂದೆ.”

ತಮ್ಮ ನೆಲ ನೋಡಿಕೊಂಡು ಮುಂದುವರಿಸಿದ. “ಹತ್ತಿಯ ಧೂಳು ಅಂತ ಬರೆದ್ರು. ಆರು ವಾರ ರಜಾ. ಹತ್ತಿ ತೆಗೆದು ಮನೆ ಸ್ವಚ್ಛ ಮಾಡಿ ಮತ್ತೆ ಬಂದು ಊದಬೇಕು. ಆಗಲೂ ಆಗಲಿಲ್ಲ ಅಂದ್ರೆ ಕೆಲಸದಿಂದ ತೆಗೀತಾರೆ. ಕಾರ್ಖಾನೆಯಿಂದ ಬಂದ ರೋಗ ಅಂತಾದ್ರೆ ಸಾಮಾನು ಕೋಣೇಲಿ ಕೂರಿಸಿ ಔಷಧೀನೂ ಕೊಡ್ತಾರೆ. ಮನೇದು ಅಂದ್ರೆ ಏನೂ ಇಲ್ಲ.”

ನಾನು ಊದಿದ ಕೆನ್ನೆಗೆ ಒದ್ದೆ ಬಟ್ಟೆ ಒತ್ತಿಕೊಂಡು ಮೂಲೆಯಲ್ಲಿದ್ದೆ. ತಮ್ಮ ಒಮ್ಮೆ ನನ್ನ ಕಡೆ ನೋಡಿದ. ನಾನು ಹಲ್ಲು ನೋಯುವವನ ಹಾಗೆ ಕಣ್ಣು ಮುಚ್ಚಿದೆ. ಅಷ್ಟು ಹೊತ್ತಿಗೆ ಹಲ್ಲುನೋವು ಹೋಗಿಯಾಗಿತ್ತು.

ಅಮ್ಮ ಚಾಕು ಕೆಳಗಿಟ್ಟಳು. “ನಾನು ಅವತ್ತೇ ಹೇಳಿದ್ದೆ. ಅನ್ನದಲ್ಲಿ ಹತ್ತಿ, ನೀರಲ್ಲಿ ಹತ್ತಿ, ನನ್ನ ಕನ್ನಡಕದ ಮೇಲೆ ಹತ್ತಿ. ಹೊಟ್ಟೆ ಪಾಡಿಗೆ ಅಂತ ಗಂಡನ ಎದೆಗೇ ತುಂಬಿಬಿಟ್ಟಳು.”

“ಅತ್ತೆ, ಹತ್ತಿ ಹಿಂಜೋಳು ನಾನು,” ಎಂದಳು ಚಿಕ್ಕವಳು. “ಇಡೀ ದಿನ ಅದರ ಮಧ್ಯೆ ಕೂರೋಳು ನಾನು. ನಾನು ಕೆಮ್ತಾ ಇಲ್ಲ.”

“ನೀನು ಮೂಗಿಗೆ ಬಟ್ಟೆ ಕಟ್ಕೋತೀಯಲ್ಲ. ಅವನಿಗೆ ಕಟ್ಟಿದ್ಯಾ?”

ಅದಕ್ಕೆ ಉತ್ತರ ನನ್ನ ಹತ್ತಿರ ಇತ್ತು. ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ ಎನ್ನುತ್ತಾರೆ. ಇಡೀ ಬೀದಿಗೆ ಸಾಲುವಷ್ಟು ಬಾಯಿರುವ ನಾನು ಅಂದು ಬೇಳೆಯಲ್ಲಿ ಅನ್ನ ಕಲಸಿ ಒಂದೇ ಕಡೆ ಅಗಿದು ನುಂಗಿದೆ.

ಮರುದಿನ ಮೆಟ್ಟಿಲ ತಿರುವಿನಲ್ಲಿ ತಮ್ಮ ನನ್ನನ್ನು ನಿಲ್ಲಿಸಿದ.

“ಅಣ್ಣ, ಹೇಳಿಬಿಡೋಣ.”

“ಹೇಳಿದ್ರೆ ನಿನ್ನ ಜೊತೆ ನಂದೂ ಹೋಗುತ್ತೆ. ಮನೇಲಿ ಎರಡು ಒಲೆ ಆರುತ್ತೆ. ಆರು ವಾರ ಸುಮ್ಮನಿರು. ವಿಶ್ರಾಂತಿ ತಗೋ, ಮೊಟ್ಟೆ ತಿನ್ನು. ನಾನು ಊದೋದು ಕಲಿಸ್ತೀನಿ, ಅದೆಲ್ಲ ಹೊಟ್ಟೆಯಿಂದ ಬರಬೇಕು.”

“ಅವಳ ಹತ್ತಿ?”

“ಆರು ವಾರ ತಾನೇ? ಹತ್ತಿ ಏನು ಕೊಳೆಯುತ್ತಾ?”

ಹತ್ತಿಯ ಮೂಟೆಗಳನ್ನು ಕೆಳಗೆ ಹೊತ್ತವನು ನಾನೇ. ಏಳು ಮೂಟೆ. ಬೀದಿಯ ತುದಿಯಲ್ಲಿರುವ ಹಾಸಿಗೆ ಅಂಗಡಿಯವನಿಗೆ ಕೊಟ್ಟುಬಿಡು, ಮನೆಯ ಹತ್ತಿರ ಇರಲೇಬಾರದು ಎಂದು ಅಮ್ಮ ಹಟ ಹಿಡಿದಿದ್ದಳು. ಒಂದೊಂದು ಮೂಟೆಯೂ ಆನೆಮರಿಯಷ್ಟಿತ್ತು. ನಾನು ಎರಡೆರಡು ಒಟ್ಟಿಗೆ ಹೊತ್ತು ನೆರೆಯವರಿಗೆ ಕೇಳುವ ಹಾಗೆ, “ದಾರಿ ಬಿಡಿ, ರೋಗ ಇಳೀತಾ ಇದೆ,” ಎಂದು ಕೂಗಿದೆ. ಎರಡು ಮನೆಯವರು ನಕ್ಕರು. ಚಿಕ್ಕವಳು ಬಾಗಿಲಲ್ಲಿ ನಿಂತು, ಒಪ್ಪಿಕೊಂಡಿದ್ದ ಹೊದಿಕೆಗಳ ಪಟ್ಟಿಯನ್ನು ಮಡಚಿ ಸೆರಗಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು. ಒಂದು ಹೆರಿಗೆ ಮನೆಗೆ, ಎರಡು ಹಾಸ್ಟೆಲಿಗೆ. ನಾನು ಹೇಳಿದ ಮಾತು ಅವಳಿಗೆ ಕೇಳಿಸಿತೆಂದು ಅವಳ ಕಿವಿ ಕೆಂಪಾದದ್ದರಿಂದ ಗೊತ್ತಾಯಿತು.

ಮೊದಲ ವಾರ ಮನೆ ತೊಳೆದದ್ದೇ ತೊಳೆದದ್ದು. ಅಮ್ಮ ಗೋಡೆ ಒರೆಸಿದಳು, ನನ್ನ ಹೆಂಡತಿ ಪರದೆ ಕುದಿಸಿದಳು, ಮಗಳು ಫ್ಯಾನಿನ ರೆಕ್ಕೆ ಉಜ್ಜಿದಳು. ಒಂದು ಎಳೆ ಹತ್ತಿ ಸಿಕ್ಕಿದರೂ ಅಮ್ಮ ಅದನ್ನು ಎರಡು ಬೆರಳಲ್ಲಿ ಹಿಡಿದು ಚಿಕ್ಕವಳ ಮುಂದೆ ತಂದು ತೋರಿಸುತ್ತಿದ್ದಳು, ಇಲಿ ಹಿಡಿದು ತಂದ ಬೆಕ್ಕಿನ ಹಾಗೆ. ಎರಡನೆಯ ವಾರ ಚಿಕ್ಕವಳು ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸಕ್ಕೆ ಸೇರಿದಳು. ಬೆಳಗ್ಗೆ ಎಂಟಕ್ಕೆ ಹೋಗಿ ಸಂಜೆ ಏಳಕ್ಕೆ ಬರುವಾಗ ಕಾಲು ಬಾತಿರುತ್ತಿತ್ತು. ಹನ್ನೆರಡು ವರ್ಷ ತನ್ನ ಹೊಲಿಗೆ ಯಂತ್ರದ ಮುಂದೆ ರಾಣಿಯ ಹಾಗೆ ಕೂತವಳು, ಈಗ ಇನ್ಯಾರದೋ ಅಂಗಿಯ ಕಾಲರು ಒತ್ತುತ್ತಿದ್ದಳು.

ಮೂರನೆಯ ವಾರ ತಮ್ಮನಿಗೆ ಒಂದು ಮಹಡಿಗೆ ಎರಡು ಸಲ ನಿಲ್ಲಬೇಕಾಯಿತು.

ಊಟದ ಹೊತ್ತಿನಲ್ಲಿ ಮಗಳು ಕೇಳಿದಳು, “ಅಪ್ಪಾ, ಹತ್ತಿ ಹೋಗಿ ಮೂರು ವಾರ ಆಯ್ತು. ಚಿಕ್ಕಪ್ಪನ ಕೆಮ್ಮು ಯಾಕೆ ಹೆಚ್ಚಾಗ್ತಿದೆ?”

“ಹಳೇ ಹತ್ತಿ ಒಳಗಿಂದ ಬರ್ತಾ ಇದೆ. ಮಾತಾಡದೆ ತಿನ್ನು.”

“ಕೆಮ್ಮಿದಾಗ ಕಪ್ಪಗೆ ಬರುತ್ತೆ. ಹತ್ತಿ ಬೆಳ್ಳಗೆ ತಾನೇ ಇರೋದು?”

ನನ್ನ ಹೆಂಡತಿ ಸೌಟು ಹಿಡಿದೇ ನನ್ನನ್ನು ನೋಡಿದಳು. “ಅವಳಿಗೆ ಗೊತ್ತಾಗಿದ್ದು ಡಾಕ್ಟರಿಗೆ ಗೊತ್ತಾಗ್ಲಿಲ್ವಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ, ಹಂಗಾಯ್ತು ನಮ್ಮ ಮನೆ.”

“ದೊಡ್ಡ ದೊಡ್ಡ ಓದು ಓದಿದವರು ಬರೆದಿದ್ದಾರೆ,” ಎಂದಳು ಅಮ್ಮ. “ನೀವಿಬ್ಬರು ಸೇರಿ ಅವರಿಗೆ ಕಲಿಸ್ತೀರಾ?”

“ಓದಿದವರು ಟ್ಯಾಂಕಲ್ಲಿ ಇಳಿದಿದ್ದಾರಾ ಅತ್ತೆ? ಇವರ ಬನಿಯನ್ ಒಗೆಯೋಳು ನಾನು. ನೀರು ಮಸಿ ಆಗುತ್ತೆ.”

“ನಿನ್ನ ಗಂಡನೂ ಅಲ್ಲೇ ದುಡಿಯೋದು. ಅವನು ಗುಂಡುಕಲ್ಲಿನ ಹಾಗಿಲ್ವಾ?”

ಎಲ್ಲರೂ ನನ್ನ ಕಡೆ ನೋಡಿದರು. ನಾನೇ ಸಾಕ್ಷಿಯಾದೆ. ಬೇರೆ ದಿನವಾಗಿದ್ದರೆ ಎದೆಯುಬ್ಬಿಸಿ ಗುದ್ದಿ ತೋರಿಸುತ್ತಿದ್ದೆ. ಅಂದು ಬಂದ ಕೆಮ್ಮನ್ನು ನೀರಿನ ಲೋಟದೊಳಗೆ ಅಡಗಿಸಿದೆ. ಚಿಕ್ಕವಳು ಮಾತ್ರ ನನ್ನ ಕಡೆ ನೋಡಲಿಲ್ಲ. ಗಂಡನ ತಟ್ಟೆಗೆ ತನ್ನ ಮೊಟ್ಟೆಯನ್ನೂ ಹಾಕಿ ಎದ್ದುಹೋದಳು.

ನಾಲ್ಕನೆಯ ವಾರ ಅವಳು ತಮ್ಮನನ್ನು ಊರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆಂದು ಹೊರಟು, ಕಾರ್ಖಾನೆಯಿಂದ ಹಳೆಯ ಪರೀಕ್ಷೆಗಳ ಪ್ರತಿ ತರಿಸಿದಳು. ನಾಲ್ಕು ಹಾಳೆ. ಸಂಜೆ ಅಡುಗೆಮನೆಯ ಮೇಜಿನ ಮೇಲೆ ಸಾಲಾಗಿ ಹರಡಿಕೊಂಡು ಕೂತಿದ್ದಳು. ನಾನು ನೀರು ಕುಡಿಯುವ ನೆಪದಲ್ಲಿ ಮೂರು ಸಲ ಹೋಗಿ ಬಂದೆ. ಉಸಿರಿನ ಲೆಕ್ಕ ಅವಳಿಗೇನು ತಿಳಿಯುತ್ತದೆ ಎಂದು ಧೈರ್ಯ ಹೇಳಿಕೊಂಡೆ.

ಆ ಭಾನುವಾರ ಬೆಳಗ್ಗೆ ಅವಳು ಟೇಪು ಹಿಡಿದು ನನ್ನ ಮುಂದೆ ಬಂದು ನಿಂತಳು. “ಭಾವ, ಸ್ವಲ್ಪ ಎದ್ದು ನಿಲ್ಲಿ.”

“ಏನಮ್ಮ?”

“ಒಂದು ತುಂಡು ಬಟ್ಟೆ ಉಳಿದಿದೆ. ನಿಮಗೆ ಅಂಗಿ ಹೊಲೀತೀನಿ.”

ನನಗೆ ಖುಷಿಯೇ ಆಯಿತು. ಏಳು ಮೂಟೆ ಹೊತ್ತು ಹಾಕಿದವನಿಗೆ ಅಂಗಿ. ಹೆಣ್ಣುಮಗಳ ಮನಸ್ಸು ದೊಡ್ಡದು ಎಂದುಕೊಂಡು ಎದ್ದು ಎದೆಯುಬ್ಬಿಸಿ ನಿಂತೆ. “ಬಟ್ಟೆ ಸಾಕಾಗುತ್ತಾ ನೋಡ್ಕೋ. ಆರು ಅಡಿ ಎರಡು ಅಂಗುಲದ ಆಳು ನಾನು.”

ಅವಳು ಭುಜ ಅಳೆಯಲಿಲ್ಲ. ತೋಳು ಅಳೆಯಲಿಲ್ಲ. ನನ್ನನ್ನು ಗೋಡೆಗೆ ಒರಗಿಸಿ, ತಲೆಯ ಮೇಲೆ ಮಗಳ ಪುಸ್ತಕವೊಂದನ್ನು ಮಟ್ಟವಾಗಿಟ್ಟು, ಗೋಡೆಗೆ ಪೆನ್ಸಿಲ್ಲಿನ ಗೆರೆ ಹಾಕಿದಳು. ಗೆರೆಯಿಂದ ನೆಲದವರೆಗೆ ಟೇಪು ಬಿಟ್ಟಳು. ಬಗ್ಗಿ ಓದಿದಳು.

“ನೂರ ಎಂಬತ್ತು ಸೆಂಟಿಮೀಟರು.”

“ಅಂಗಿಗೆ ಎತ್ತರ ಯಾಕೆ?”

ಅವಳು ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಳು. “ನಮ್ಮೋರು ನೂರ ಅರವತ್ತೈದು. ಹನ್ನೆರಡು ವರ್ಷದಿಂದ ಅವರ ಬಟ್ಟೆ ಹೊಲಿಯೋಳು ನಾನು, ಟೇಪಿಲ್ದೆ ಹೇಳ್ತೀನಿ. ಈ ವರ್ಷದ ಹಾಳೇಲಿ ನೂರ ಅರವತ್ತೈದು ಅಂತಲೇ ಇದೆ. ಹಿಂದಿನ ಮೂರು ವರ್ಷ ನೂರ ಎಂಬತ್ತು ಇದೆ. ಹತ್ತಿಯ ಧೂಳಿಗೆ ಉಸಿರು ಕಡಿಮೆ ಆಗಬಹುದು ಭಾವ. ಮನುಷ್ಯ ಗಿಡ್ಡ ಆಗ್ತಾನಾ?”

ಊದುವ ಯಂತ್ರಕ್ಕೆ ಎತ್ತರ ಬೇಕು. ಕೋಲಿನ ಕೆಳಗೆ ಯಾರು ನಿಂತಿದ್ದರೋ ಅವರ ಎತ್ತರವನ್ನು ನರ್ಸಮ್ಮ ಬರೆದಿದ್ದರು. ಬಿಲ್ಲೆ ಬದಲಾಯಿಸಿದ ಮಹಾಬುದ್ಧಿವಂತ ನಾನು, ಮೂರು ವರ್ಷ ನನ್ನ ಮೈಯನ್ನು ಆ ಕೋಲಿನ ಕೆಳಗೆ ನಿಲ್ಲಿಸಿ ಬಂದಿದ್ದೆ. ಗೋಡೆಗೆ ಒರಗಿದ ಹಾಗೆಯೇ ನಿಂತಿದ್ದೆ. ಕೂರುವುದಕ್ಕೂ ಅವಳ ಅಪ್ಪಣೆ ಬೇಕೆನ್ನಿಸಿತು.

“ಯಾವಾಗ ಗೊತ್ತಾಯ್ತು?”

“ಹಾಳೆ ಬಂದ ದಿನವೇ. ನಿನ್ನೆ ಅವರನ್ನ ಕೇಳಿದೆ. ಎಲ್ಲ ಹೇಳಿ ಅತ್ತರು. ನೀವು ಹೇಳಬೇಡ ಅಂದಿದ್ರಂತೆ.”

“ಅಮ್ಮನಿಗೆ...”

“ನಾನು ಯಾರಿಗೂ ಹೇಳಿಲ್ಲ. ನಾನು ಹೇಳಿದ್ರೆ ಹತ್ತಿ ಉಳಿಸ್ಕೊಳ್ಳೋಕೆ ಕಥೆ ಕಟ್ತಾಳೆ ಅಂತಾರೆ. ಹಾಳೆ ತರಿಸಿದ್ಮೇಲಾದ್ರೂ ನೀವು ಬಾಯಿ ಬಿಡ್ತೀರಿ ಅಂತ ಕಾದೆ. ಮೇಜಿನ ಹತ್ತಿರ ಮೂರು ಸಲ ಬಂದ್ರಿ. ಮೂರು ಸಲವೂ ನೀರು ಕುಡಿದು ಹೋದ್ರಿ.” ಅವಳ ದನಿ ಏರಲಿಲ್ಲ. “ಮೂಟೆ ಇಳಿಸೋವಾಗ ಒಂದು ಮಾತಂದ್ರಿ. ರೋಗ ಇಳೀತಾ ಇದೆ ಅಂತ. ಅದನ್ನ ನಾನು ಸಾಯೋವರೆಗೂ ಮರೆಯಲ್ಲ.”

ಅಡುಗೆಮನೆಗೆ ಹೋಗಿ ಅವಳು ಅಕ್ಕಿ ತೊಳೆಯತೊಡಗಿದಳು. ಗೋಡೆಯ ಮೇಲೆ ನನ್ನ ಗೆರೆ ಉಳಿದಿತ್ತು, ನಾನು ಊರಿಗೆಲ್ಲ ಹೇಳಿಕೊಂಡು ಬಂದದ್ದಕ್ಕಿಂತ ಮೂರು ಅಂಗುಲ ಕೆಳಗೆ.

ಮರುದಿನ ಪಾಳಿ ಶುರುವಾಗುವ ಮೊದಲೇ ಕಾರ್ಖಾನೆಯ ಡಾಕ್ಟರ ಕೋಣೆಗೆ ಹೋದೆ. ಕಾಲಿಗೆ ಕಬ್ಬಿಣ ಕಟ್ಟಿದ ಹಾಗಿತ್ತು, ಇದನ್ನು ಹೆಚ್ಚು ಮಾಡಿ ಹೇಳುತ್ತಿಲ್ಲ. ಡಾಕ್ಟರು ಕನ್ನಡಕ ಒರೆಸುತ್ತಿದ್ದರು. ಬಂಡಿಯ ನರ್ಸಮ್ಮ ಒಂದು ಮೂಲೆಯಲ್ಲಿ ಉಳಿದ ಹಾಳೆಗಳನ್ನು ಜೋಡಿಸುತ್ತಿದ್ದರು.

“ನನ್ನ ತಮ್ಮನ ಕಾಗದದಲ್ಲಿ ತಪ್ಪಾಗಿದೆ ಸಾರ್.”

“ಏನು ತಪ್ಪು?”

ಬಾಯಿಗೆ ಬಂದದ್ದೇನು ಗೊತ್ತೇ? ಇಡೀ ರಾತ್ರಿ ಸತ್ಯವನ್ನೇ ಉರುಹೊಡೆದು ಹೋದವನ ಬಾಯಿಗೆ? “ಈ ಅಮ್ಮನವರು ಹಾಳೆ ಅದಲುಬದಲು ಮಾಡಿರಬೇಕು ಸಾರ್,” ಎಂದೆ.

ನರ್ಸಮ್ಮ ತಿರುಗಿದರು. ವಯಸ್ಸಾದವರು, ದಿನಗೂಲಿಯವರು, ಕಾಲಿಗೆ ಎರಡು ಬಣ್ಣದ ಲೇಸು ಕಟ್ಟಿದ ಬೂಟು. “ನಾನು ಕೋಲು ನೋಡಿ, ಬಿಲ್ಲೆ ನೋಡಿ ಬರೀತೀನಪ್ಪ,” ಎಂದರು ಮೆಲ್ಲಗೆ. ಅವರ ಕಿವಿ ಕೆಂಪಾಗಿತ್ತು. ಆ ಕೆಂಪನ್ನು ನಾನು ನಮ್ಮ ಬಾಗಿಲಲ್ಲಿ ನೋಡಿದ್ದೆ. ನಾನು ಎಲ್ಲಿ ಹೋದರೂ ನನ್ನ ತಪ್ಪು ಹೊರಲು ಒಬ್ಬ ಹೆಂಗಸು ಕಾದಿರುತ್ತಾಳೆ ಎನ್ನುವ ಹಾಗೆ.

“ಅಲ್ಲ,” ಎಂದೆ. “ಅವರು ಸರಿಯಾಗೇ ಬರೆದಿದ್ದಾರೆ. ಊದಿದ್ದು ನಾನು. ಮೂರು ವರ್ಷ, ತಮ್ಮನ ಬಿಲ್ಲೆ ಹಾಕ್ಕೊಂಡು. ಅವನು ಬೇಡ ಅಂದ. ನಾನೇ ಕಿತ್ತುಕೊಂಡೆ. ಎತ್ತರ ನೋಡಿ ಸಾರ್, ಗೊತ್ತಾಗುತ್ತೆ.”

ಡಾಕ್ಟರು ಕಡತ ತೆಗೆದು ನೋಡಿದರು. ತುಂಬಾ ಹೊತ್ತು ನೋಡಿದರು. ನನ್ನನ್ನು ಕೋಲಿನ ಕೆಳಗೆ ನಿಲ್ಲಿಸಿದರು. ಆಮೇಲೆ ಕೊಳವೆ ಕೈಗೆ ಕೊಟ್ಟರು.

“ಊದಿ. ಈ ಸಲ ನಿಮ್ಮ ಹೆಸರಲ್ಲಿ.”

ಊದಿದೆ. ಹೊಟ್ಟೆಯ ತಳದಿಂದ, ಕಾಲ್ಬೆರಳಿಂದ ಎಳೆದು ಊದಿದೆ. ಕೊನೆಯಲ್ಲಿ ಕೆಮ್ಮು ಬಂದು ಬಗ್ಗಿಬಿಟ್ಟೆ. ಮೂರು ಸಲ ಊದಿಸಿದರು.

ಡಾಕ್ಟರು ತಮ್ಮನ ಹೆಸರಿನ ಮೂರು ಹಾಳೆಯ ಪಕ್ಕಕ್ಕೆ ಹೊಸದನ್ನು ಇಟ್ಟು ಬೆರಳು ಓಡಿಸಿದರು. “ನಾಲ್ಕು ಪಾಯಿಂಟ್ ಆರು. ನಾಲ್ಕು ಪಾಯಿಂಟ್ ನಾಲ್ಕು. ನಾಲ್ಕು ಪಾಯಿಂಟ್ ಎರಡು. ಇವತ್ತು ಮೂರು ಪಾಯಿಂಟ್ ಎಂಟು. ಇದು ನಿಮ್ಮ ಮೆಟ್ಟಿಲು. ನೀವೂ ಇಳೀತಾ ಇದ್ದೀರಿ. ನಿಮ್ಮ ಹೆಸರಲ್ಲಿ ಸುಸ್ತಾಗಿ ಊದಿದ್ರಿ, ಅವರ ಹೆಸರಲ್ಲಿ ಅವರೇ ಊದಲಿಲ್ಲ. ಇಬ್ಬರದೂ ನಮಗೆ ಕಾಣಲಿಲ್ಲ.”

“ತಮ್ಮನದು, ಸಾರ್... ವಾಪಸ್ ಎಷ್ಟು ಬರುತ್ತೆ?”

“ಮೊದಲನೇ ವರ್ಷ ಅವರು ಊದಿದ್ರೆ ಅವತ್ತೇ ಟ್ಯಾಂಕಿನಿಂದ ತೆಗೀತಿದ್ವಿ. ಮೂರು ವರ್ಷದ ಹೊಗೆ ಅವರಿಗೆ ಹೆಚ್ಚಾಗಿ ಸಿಕ್ಕಿದೆ. ಹೋದದ್ದು ಬರಲ್ಲ. ಇರೋದನ್ನ ಉಳಿಸ್ಕೊಳ್ಳೋದಷ್ಟೇ.”

ಹತ್ತಿಯ ಸಾಲನ್ನು ಹೊಡೆದು ಹಾಕಿ, ಟ್ಯಾಂಕಿನ ಹೊಗೆ ಎಂದು ಬರೆದರು. ಮಧ್ಯಾಹ್ನದೊಳಗೆ ಮೇಲಿನವರ ತೀರ್ಮಾನ ಬಂತು. ತಮ್ಮನಿಗೆ ಔಷಧಿ, ಸಾಮಾನು ಕೋಣೆಯಲ್ಲಿ ಕುರ್ಚಿ. ನನಗೆ ಎರಡು ತಿಂಗಳು ಮನೆ, ಆಮೇಲೆ ಅಂಗಳ. ಹೊರಬೀಳುವಾಗ ಟ್ಯಾಂಕಿನ ಹತ್ತಿರ ನಿಂತೆ. ಸೊಂಡಿಲು ನಾನು ಸುತ್ತಿಟ್ಟ ಹಾಗೆಯೇ ಹೊರಗೆ ಮಲಗಿತ್ತು. ಒಳಗಿದ್ದವನನ್ನು ಕರೆದು, “ಇದನ್ನ ಒಳಗೆ ಎಳ್ಕೋ,” ಎಂದೆ.

“ಯಾಕೆ ತಿದಿಯಣ್ಣ, ಗಂಡಸಿಗೆ ಮೂಗಿಲ್ವಾ?” ಎಂದ ಅವನು ನಗುತ್ತಾ. ನಾನೇ ಸೊಂಡಿಲು ಎಳೆದು ತೂತಿನೊಳಗೆ ಇಳಿಸಿ ಬಂದೆ.

ಮನೆಯಲ್ಲಿ ಎಲ್ಲರೂ ಕೂತಿದ್ದಾಗ ಹೇಳಿದೆ. ಅಮ್ಮನಿಗೆ ಎರಡು ಸಲ ಹೇಳಬೇಕಾಯಿತು. ಮೊದಲ ಸಲ ಅವಳು ನಂಬಲಿಲ್ಲ. ತಮ್ಮ, “ನಾನೂ ಕೊಟ್ಟೆ ಅಮ್ಮ, ಮೂರನೇ ವರ್ಷ ನಾನೇ ತೆಗೆದು ಕೊಟ್ಟೆ,” ಎಂದ. ಅಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

“ಆ ಹುಡುಗಿಗೆ ನಾನು ಏನೇನಂದೆ,” ಎಂದಳು. “ನಿನ್ನ ಎದುರಿಗೇ ಅಂದೆ ಕಣೋ. ನೀನು ಅನ್ನ ತಿಂತಾ ಕೂತಿದ್ದೆ.”

“ಹೌದಮ್ಮ.”

“ಹಾಕಿಸ್ಕೊಂಡೂ ತಿಂದೆ.”

“ಹೌದು.”

ನನ್ನ ಹೆಂಡತಿ ಸೌಟು ಇಟ್ಟು ಸೆರಗು ಬಾಯಿಗೆ ಒತ್ತಿಕೊಂಡಳು. ಮಗಳು ನನ್ನನ್ನು ನೋಡಿದ ನೋಟವನ್ನು ನಾನು ಯಾವ ಅಳತೆಗೂ ಹೆಚ್ಚಿಸಲಾರೆ. ಅದು ಇದ್ದದ್ದೇ ಸಾಕಾಗಿತ್ತು. ಚಿಕ್ಕವಳು ಇನ್ನೂ ಲಾಂಡ್ರಿಯಿಂದ ಬಂದಿರಲಿಲ್ಲ. ಅಮ್ಮ ಎದ್ದು ಮುಂದಿನ ಕೋಣೆಗೆ ಹೋಗಿ ಹೊಲಿಗೆ ಯಂತ್ರದ ಮೇಲೆ ತಾನೇ ಹೊದಿಸಿದ್ದ ಚಾದರ ತೆಗೆದಳು. ತೆಗೆದು ಏನು ಮಾಡಬೇಕೆಂದು ತಿಳಿಯದೆ ಅದನ್ನೇ ಮಡಚುತ್ತಾ ನಿಂತಳು.

ನಾನು ಹಾಸಿಗೆ ಅಂಗಡಿಗೆ ಹೋದೆ. ಏಳರಲ್ಲಿ ನಾಲ್ಕು ಮೂಟೆ ಉಳಿದಿದ್ದವು. “ಇಳಿದ ರೋಗ ಮತ್ತೆ ಹತ್ತುತ್ತಾ?” ಎಂದ ಅಂಗಡಿಯವನು. ನನ್ನ ಜೋಕು ಬೀದಿಯ ತುದಿಯವರೆಗೂ ತಲುಪಿತ್ತು.

“ರೋಗ ನಾನು,” ಎಂದೆ. ಅವನು ಇದನ್ನೂ ಜೋಕೆಂದು ನಕ್ಕ.

ಒಂದೇ ಮೂಟೆ ಹೊತ್ತು ಹತ್ತಿದೆ. ಇಳಿಸುವಾಗ ಎರಡೆರಡು ಹೊತ್ತದ್ದು ನೆನಪಿದೆಯಲ್ಲ, ಇಳಿಯುವುದು ಸುಲಭ. ಮೊದಲ ಮಹಡಿ ದಾಟಿದೆ. ಎರಡನೆಯದರ ತಿರುವಿನಲ್ಲಿ, ಮೂವತ್ತೊಂದನೆಯ ಮೆಟ್ಟಿಲಲ್ಲಿ, ಮೂಟೆಯನ್ನು ಗೋಡೆಗೆ ಒತ್ತಿ ನಿಂತೆ. ತಮ್ಮ ನಿಲ್ಲುತ್ತಿದ್ದ ಜಾಗ. ಅಲ್ಲಿ ಗೋಡೆಯ ಸುಣ್ಣದ ಮೇಲೆ ಅವನ ಅಂಗೈಯ ಮಸಿ ಹತ್ತಿತ್ತು. ದಿನಾ ಹಾದುಹೋದರೂ ಆ ಗುರುತು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಕೆಳಗಿನಿಂದ ಚಪ್ಪಲಿಯ ಸದ್ದು ಬಂತು. ಲಾಂಡ್ರಿಯಿಂದ ಬಂದ ಚಿಕ್ಕವಳು ಎರಡು ಮೆಟ್ಟಿಲ ಕೆಳಗೆ ನಿಂತಳು. ಮೂಟೆ ನೋಡಿದಳು. ನಾನು ಏದುಸಿರು ಬಿಡುವುದನ್ನು ನೋಡಿದಳು.

“ಹೋಗಿದ್ರಾ?”

“ಹೂಂ.”

“ಹೇಳಿದ್ರಾ?”

“ಹೇಳಿದೆ. ಹತ್ತಿ ಅಂತ ಬರೆದಿದ್ದನ್ನ ಹೊಡೆದು ಹಾಕಿದ್ರು. ಅವನಿಗೆ ಸಾಮಾನು ಕೋಣೆ.”

ಅವಳು ಕಣ್ಣು ಮುಚ್ಚಿ ತೆರೆದಳು. “ನಿಮ್ಮನ್ನೂ ಊದಿಸಿದ್ರಾ?”

“ಮೂರು ಪಾಯಿಂಟ್ ಎಂಟು.”

ಅವಳು ಕಾದಳು. ನಾನು ಇನ್ನೇನೋ ಸೇರಿಸುತ್ತೇನೆ, ಯಂತ್ರವೇ ಒಡೆದುಹೋಯಿತು ಎನ್ನುತ್ತೇನೆ ಎಂದು ಈ ಮನೆಯಲ್ಲಿ ಯಾರಾದರೂ ಕಾಯುತ್ತಾರೆ. ನಾನು ಏನೂ ಸೇರಿಸಲಿಲ್ಲ. ಸೇರಿಸಲು ಉಸಿರೂ ಇರಲಿಲ್ಲ.

ಅವಳು ಎರಡು ಮೆಟ್ಟಿಲು ಹತ್ತಿ ಬಂದು ಮೂಟೆಯ ಇನ್ನೊಂದು ತುದಿ ಹಿಡಿದಳು. ನನ್ನ ಮುಖ ನೋಡಲಿಲ್ಲ.

“ಎತ್ತರ ಎಷ್ಟು ಅಂತ ಬರೆಸಿದ್ರಿ?”

“ನೂರ ಎಂಬತ್ತು,” ಎಂದೆ.

“ಎತ್ತಿ,” ಎಂದಳು.